ಎಂಜಿನ್ ಅಳಿವೆಯಲ್ಲೇ ಏಕೆ ನಿಲ್ಲುತ್ತದೆ?

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನುಗಳ ಸಂತಾನೋತ್ಪತ್ತಿಯ ಕಾಲವೆಂದು ವಿಧಿಸಿರುವ ನಿಷೇಧ ಅದು. ಆದರೆ 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಹೀಗಾಗಿ ವರ್ಷದಲ್ಲೇ ಅತ್ಯಂತ ಒರಟಾದ ಕಡಲಿಗೆ ಹೋಗುವುದು ಅತ್ಯಂತ ಚಿಕ್ಕ ದೋಣಿಗಳು. ದೋಣಿಯ ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿದ ಪುಟ್ಟ ಎಂಜಿನ್ ಒಂದೇ ಅವುಗಳ ಬಲ. ಅದಕ್ಕೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ದೋಣಿಯ ಹೊಟ್ಟೆಯೊಳಗೆ ಕೂರದೆ ಹೊರಗೆ ನೇತಾಡುವುದರಿಂದ ಈ ಹೆಸರು ಬಂತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬ ಯಂತ್ರಜ್ಞ 1909ರಲ್ಲಿ ಇಂಥ ಎಂಜಿನ್ನುಗಳನ್ನು ಮಿಲ್ವಾಕಿ ನಗರದಲ್ಲಿ ತಯಾರಿಸಿ ಮಾರಲು ಶುರುಮಾಡಿದ.

ಹೊಳೆಯು ಕಡಲನ್ನು ಸೇರುವ ಅಳಿವೆ ಬಾಗಿಲು ಈ ದೋಣಿಗಳಿಗೆ ದೊಡ್ಡ ಗಂಡಾಂತರದ ಜಾಗ. ಅಲ್ಲಿ ನೀರಿನಡಿಯಲ್ಲಿ ಮರಳ ದಿಬ್ಬ ಬೆಳೆದಿರುತ್ತದೆ. ಆಳ ಕಡಿಮೆಯಾದಲ್ಲಿ ಅಲೆಗಳು ಎದ್ದು ಮುರಿದು ಬೀಳುತ್ತವೆ. ಎಂಜಿನ್ ಓಡುತ್ತಿದ್ದರೆ ದೋಣಿಯ ಮೂತಿಯನ್ನು ಬೇಕಾದ ದಿಕ್ಕಿಗೆ ಹಿಡಿದು ದಾಟಿಬಿಡಬಹುದು. ನಿಂತರೆ ದೋಣಿ ಅಲೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿಯನ್ನು ಮಗುಚಲು ಒಂದು ಅಲೆ ಸಾಕು. ಹೀಗೆ ಜೀವ ಹೋದ ಸುದ್ದಿಗಳನ್ನು ಕರಾವಳಿಯವರು ಮಳೆಗಾಲದಲ್ಲಿ ಓದಿಯೇ ಇರುತ್ತಾರೆ.

ವಿಚಿತ್ರವೆಂದರೆ, ಹೊರಗಿನ ಕಡಲಿನಲ್ಲಿ ಗಂಟೆಗಟ್ಟಲೆ ತಕರಾರಿಲ್ಲದೆ ಓಡಿದ ಎಂಜಿನ್ ಅಳಿವೆಗೆ ಬಂದಾಗಲೇ ಕೈಕೊಡುವುದುಂಟು. ಇದನ್ನು ಗ್ರಹಚಾರವೆಂದು ಹೇಳಿ ಸುಮ್ಮನಾಗುವವರೂ ಇದ್ದಾರೆ. ಆದರೆ ಇದಕ್ಕೆ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಉತ್ತರವಿದೆ. ಆ ಉತ್ತರ ಅಡಗಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಸಾಮಾನಿನಲ್ಲಿ, ಅಂದರೆ ಇಂಧನದ ಫಿಲ್ಟರಿನಲ್ಲಿ.

ಮೊದಲು ಇಂಧನದ ಟ್ಯಾಂಕಿನ ಒಳಗೆ ಏನಾಗುತ್ತದೆಂದು ನೋಡಬೇಕು. ನೀರಿನ ಸಾಂದ್ರತೆ 1 ಎಂದರೆ ಪೆಟ್ರೋಲಿನದು ಸುಮಾರು 0.74, ಸೀಮೆಎಣ್ಣೆಯದು (ಕರಾವಳಿಯ ಮಾತಿನಲ್ಲಿ ಚಿಮಿಣಿ ಎಣ್ಣೆ) ಸುಮಾರು 0.80. ಆದ್ದರಿಂದ ಇಂಧನದೊಳಗೆ ಸೇರಿದ ನೀರು ತಳಕ್ಕೆ ಇಳಿಯುತ್ತದೆ. ತುಕ್ಕು, ಮರಳು, ಹಳೆಯ ಎಣ್ಣೆಯ ಜಿಡ್ಡು ಇವೂ ಅಲ್ಲೇ ಕೂರುತ್ತವೆ. ಎಂಜಿನ್ನಿಗೆ ಇಂಧನ ಒಯ್ಯುವ ಕೊಳವೆಯ ಬಾಯಿ ತಳದಿಂದ ಸ್ವಲ್ಪ ಮೇಲಿರುವುದರಿಂದ, ಕಡಲು ಶಾಂತವಾಗಿದ್ದಾಗ ಈ ಕೊಳೆಯೆಲ್ಲ ತನ್ನ ಪಾಡಿಗೆ ಕೆಳಗೆ ಬಿದ್ದಿರುತ್ತದೆ. ದೋಣಿ ಅಳಿವೆಯ ಅಲೆಗೆ ಸಿಕ್ಕಿ ಎತ್ತೆತ್ತಿ ಕುಕ್ಕಿದಾಗ ಟ್ಯಾಂಕು ಮೊಸರು ಕಡೆಯುವ ಗಡಿಗೆಯಾಗುತ್ತದೆ. ತಿಂಗಳಿಂದ ತಳದಲ್ಲಿದ್ದ ನೀರು, ಗಸಿ ಎಲ್ಲವೂ ಮೇಲೆದ್ದು ಒಂದೇ ಸಲ ಕೊಳವೆಯ ಬಾಯಿಗೆ ಬರುತ್ತದೆ.

ಎರಡನೆಯ ಕಾರಣವೂ ಇದೆ. 10 ಅಶ್ವಶಕ್ತಿಯ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ಇಂಧನ ಕುಡಿಯುತ್ತದೆ. ಹಳೆಯ ಟೂ ಸ್ಟ್ರೋಕ್ ಎಂಜಿನ್ನಾದರೆ ಇನ್ನೂ ಹೆಚ್ಚು. 4 ಲೀಟರನ್ನು 3,600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಒಂದು ಮಿಲಿಲೀಟರಿಗಿಂತ ತುಸು ಹೆಚ್ಚು. ನಾಲ್ಕೈದು ಸೆಕೆಂಡಿಗೊಂದು ಟೀ ಚಮಚ ಎನ್ನಬಹುದು. ಬಲೆ ಬಿಡುವಾಗ, ನಿಧಾನವಾಗಿ ಸಾಗುವಾಗ ಇದರ ಕಾಲು ಭಾಗವೂ ಬೇಡ. ಅರ್ಧ ಕಟ್ಟಿಕೊಂಡ ಫಿಲ್ಟರ್ ಆ ಕಾಲು ಭಾಗವನ್ನು ಸಲೀಸಾಗಿ ಕೊಡುತ್ತದೆ. ಅದರ ಕಾಯಿಲೆ ಯಾರಿಗೂ ಗೊತ್ತಾಗುವುದಿಲ್ಲ. ಅಳಿವೆಯಲ್ಲಿ ಅಲೆಯನ್ನು ಹಿಂದೆ ಹಾಕಲು ಪೂರ್ತಿ ವೇಗ ಕೊಟ್ಟ ಕ್ಷಣದಲ್ಲಿ ಅದರ ಬಂಡವಾಳ ಬಯಲಾಗುತ್ತದೆ. ಬೇಡಿಕೆ ಏರುವುದು, ಕೊಳೆ ಏಳುವುದು ಎರಡೂ ಒಂದೇ ಜಾಗದಲ್ಲಿ!

ಸ್ವಲ್ಪ ನೀರು ಒಳಗೆ ಹೋದರೆ ಎಂಜಿನ್ ನಿಲ್ಲಬೇಕೇಕೆ, ಆವಿಯಾಗಿ ಹೋಗಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಾರ್ಬ್ಯುರೇಟರಿನೊಳಗೆ ಇಂಧನ ನಿಲ್ಲುವ ಒಂದು ಪುಟ್ಟ ಬಟ್ಟಲಿದೆ. ಇಂಧನವನ್ನು ಅಳೆದು ಬಿಡುವ ಜೆಟ್ ಎಂಬ ರಂಧ್ರ ಆ ಬಟ್ಟಲಿನ ತಳದ ಹತ್ತಿರವಿರುತ್ತದೆ. ರಂಧ್ರದ ವ್ಯಾಸ ಒಂದು ಮಿಲಿಮೀಟರಿನ ಆಸುಪಾಸು. ನೀರು ಇಲ್ಲಿಯೂ ತಳಕ್ಕೇ ಇಳಿದು ಜೆಟ್ಟಿನ ಬಾಯಿಯಲ್ಲಿ ಕೂರುತ್ತದೆ. ನೀರಿನ ಮೇಲ್ಮೈ ಎಳೆತ ಪೆಟ್ರೋಲಿನದಕ್ಕಿಂತ ಮೂರು ಪಟ್ಟು ಹೆಚ್ಚು. ಹಾಗಾಗಿ ಅಂಥ ಸಣ್ಣ ತೂತಿನಲ್ಲಿ ಒಂದು ಹನಿ ನೀರು ಬಿರಡೆಯಂತೆ ವರ್ತಿಸುತ್ತದೆ. ಹಾದುಹೋದರೂ ಅದು ಉರಿಯುವ ವಸ್ತುವಲ್ಲ.

ಈ ನೀರು ಬರುವುದಾದರೂ ಎಲ್ಲಿಂದ? ರಾತ್ರಿ ತಂಪಾದಾಗ ಅರೆತುಂಬಿದ ಟ್ಯಾಂಕಿನೊಳಗಿನ ಗಾಳಿಯ ತೇವ ಹನಿಗಟ್ಟುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಮಾತು ಸುಳ್ಳಲ್ಲ; ಆದರೆ ಲೆಕ್ಕ ಹಾಕಿ ನೋಡಬೇಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 24 ಡಿಗ್ರಿಯಲ್ಲಿ ಸುಮಾರು 22 ಗ್ರಾಂ. ವ್ಯತ್ಯಾಸ 8 ಗ್ರಾಂ. 25 ಲೀಟರಿನ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿ 12.5 ಲೀಟರ್, ಅಂದರೆ ಘನ ಮೀಟರಿನ ಎಂಬತ್ತನೇ ಒಂದು ಭಾಗ. ರಾತ್ರಿಯೊಂದಕ್ಕೆ ಇಳಿಯುವ ನೀರು 0.1 ಗ್ರಾಂ, ಎಂದರೆ ಎರಡು ಹನಿ. ತಿಂಗಳಿಡೀ ಸೇರಿದರೂ ಒಂದು ಚಮಚ ತುಂಬುವುದಿಲ್ಲ. ಮಳೆಯಲ್ಲಿ ನೆನೆದ ಲಾಳಿಕೆಯನ್ನು ಒರೆಸದೆ ಒಮ್ಮೆ ಟ್ಯಾಂಕಿಗಿಟ್ಟರೆ ಅದಕ್ಕಿಂತ ಹೆಚ್ಚು ನೀರು ಒಂದೇ ನಿಮಿಷದಲ್ಲಿ ಒಳಗೆ ಹೋಗುತ್ತದೆ. ನಿಜವಾದ ಕಳ್ಳರು ಒದ್ದೆ ಲಾಳಿಕೆ, ಮುಚ್ಚಳ ಸಡಿಲವಾದ ಕ್ಯಾನು, ರಬ್ಬರು ಹರಿದ ಟ್ಯಾಂಕಿನ ಬಿರಡೆ, ಮೇಲಿಂದ ಎರಚುವ ಉಪ್ಪುನೀರು. ಬೈಯಿಸಿಕೊಳ್ಳುವುದು ಮಾತ್ರ ಗಾಳಿ.

ಇನ್ನು ಫಿಲ್ಟರಿನ ಆಯ್ಕೆ. ಫಿಲ್ಟರಿನ ಮೇಲೆ ಮೈಕ್ರಾನ್ ಎಂಬ ಅಳತೆ ಬರೆದಿರುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ರಕ್ತದ ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್. ನೀರನ್ನು ಬೇರ್ಪಡಿಸುವ ದೋಣಿಯ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಸಿಗುವುದು 10 ಮೈಕ್ರಾನಿನದು. ಡೀಸೆಲ್ ಎಂಜಿನ್ನಿಗೆಂದು ಮಾಡಿದ 2 ಮೈಕ್ರಾನಿನವೂ ಉಂಟು. ಹತ್ತಕ್ಕಿಂತ ಎರಡು ಮೇಲಲ್ಲವೇ, ರಂಧ್ರ ಸಣ್ಣದಾದಷ್ಟೂ ಒಳ್ಳೆಯದಲ್ಲವೇ ಎಂದು ಗಿರಾಕಿಗೆ ತೋರುತ್ತದೆ. ಅಂಗಡಿಯವರೂ ಹೌದೆನ್ನುತ್ತಾರೆ. ಇಲ್ಲೇ ಮೋಸಹೋಗುವುದು.

ಅಡುಗೆಮನೆಯ ಕಾಫಿ ಫಿಲ್ಟರನ್ನು ನೆನೆಸಿಕೊಳ್ಳಿ. ಪುಡಿ ತೀರಾ ನುಣ್ಣಗಿದ್ದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಮೇಲಿನ ಬಟ್ಟಲಿನಲ್ಲಿ ನೀರು ಹಾಗೇ ನಿಂತಿರುತ್ತದೆ. ಮನೆಯಾಕೆ ಅದನ್ನು ಚಮಚದಿಂದ ತಟ್ಟುತ್ತಾರೆ, ಕಾಯುತ್ತಾರೆ. ಎಂಜಿನ್ ಕಾಯುವುದಿಲ್ಲ. ಅದಕ್ಕೆ ನಾಲ್ಕೈದು ಸೆಕೆಂಡಿಗೊಂದು ಚಮಚ ಇಂಧನ ಬಂದೇ ತೀರಬೇಕು. ಅದನ್ನು ತರುವ ಪಂಪಾದರೂ ಎಂಥದು? ಎಂಜಿನ್ನಿನೊಳಗಿನ ಒತ್ತಡದ ಏರಿಳಿತದಿಂದ ಮಿಡಿಯುವ ಒಂದು ತೆಳು ರಬ್ಬರಿನ ಪೊರೆ, ಅಷ್ಟೆ. ಪಂಪು ಇಂಧನವನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ಅದು ತನ್ನ ಬಾಯಲ್ಲಿ ಒತ್ತಡವನ್ನು ತುಸು ಇಳಿಸುತ್ತದೆ. ಟ್ಯಾಂಕಿನಲ್ಲಿರುವ ಇಂಧನವನ್ನು ಹೊರಗಿನ ವಾಯುಭಾರ ತಳ್ಳಿ ಕಳಿಸುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ನಡೆಯುವುದೂ ಇದೇ. ಈ ದಾರಿಯಲ್ಲಿ ಅತಿ ನವಿರಾದ ಫಿಲ್ಟರನ್ನಿಟ್ಟರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ದುರ್ಬಲ ಪಂಪು ಸೋಲುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ತೆರೆಯಲು ಮರೆತರೂ ಇದೇ ಲಕ್ಷಣ. ಎಷ್ಟೋ ಒಳ್ಳೆಯ ಫಿಲ್ಟರುಗಳು ಈ ತಿರುಪಿನ ತಪ್ಪಿಗಾಗಿ ಬದಲಾಗಿಹೋಗಿವೆ.

ಆದ್ದರಿಂದ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಮೈಕ್ರಾನ್ ಅಳತೆಯೇ ಸರಿ. ಅದರ ಜೊತೆಗೆ ಗಂಟೆಗೆ ಎಷ್ಟು ಲೀಟರ್ ಬಿಡಬಲ್ಲದು ಎಂಬ ಎರಡನೆಯ ಅಂಕಿಯನ್ನೂ ನೋಡಬೇಕು. ಅದು ಎಂಜಿನ್ನಿನ ಪೂರ್ತಿ ವೇಗದ ಬೇಡಿಕೆಗಿಂತ ಧಾರಾಳವಾಗಿರಲಿ. ಫಿಲ್ಟರಿನ ವಿಸ್ತೀರ್ಣ ದೊಡ್ಡದಿದ್ದರೆ ಅದು ಎಂದಿಗೂ ನಷ್ಟವಲ್ಲ. ರಂಧ್ರ ಅಷ್ಟೇ ಇದ್ದು ಕಾಗದದ ಮಡಿಕೆಗಳು ಹೆಚ್ಚಾದರೆ ಕೊಳೆ ಹಿಡಿಯುವ ಜಾಗ ಹೆಚ್ಚುತ್ತದೆ. ಇನ್ನೊಂದು ಸೂಕ್ಷ್ಮ: ಕೆಲವರು 10 ಮೈಕ್ರಾನ್ ಎಂದರೆ ಆ ಗಾತ್ರದ ಬಹುಪಾಲು ಕಣಗಳನ್ನು ಹಿಡಿಯುತ್ತದೆ ಎಂದರ್ಥ, ಮತ್ತೆ ಕೆಲವರಿಗೆ ಒಂದನ್ನೂ ಬಿಡುವುದಿಲ್ಲವೆಂದರ್ಥ. ಹೀಗಾಗಿ ಬೇರೆ ಬೇರೆ ತಯಾರಕರ ಒಂದೇ ಅಂಕಿ ಒಂದೇ ಗುಣವನ್ನು ಹೇಳುವುದಿಲ್ಲ. ಬೈಕಿನ ಫಿಲ್ಟರನ್ನು ಕೊಳವೆಗೆ ಸಿಕ್ಕಿಸಿ ಕೆಲಸ ಸಾಗಿಸುವವರಿದ್ದಾರೆ. ಅದು ಕಸ ಹಿಡಿಯುತ್ತದೆ, ನೀರನ್ನು ಬೇರ್ಪಡಿಸುವುದಿಲ್ಲ. ಉಪ್ಪುಗಾಳಿಗೆ ಅದರ ಲೋಹದ ಭಾಗಗಳೂ ಬಾಳುವುದಿಲ್ಲ.

ಇಂಧನದಿಂದ ನೀರನ್ನು ಸೋಸುವುದು ಹೇಗೆ ಎಂಬುದು ಈ ವಿಷಯದ ಅತಿ ಸೊಗಸಾದ ಭಾಗ. ಎರಡೂ ದ್ರವವೇ, ಜರಡಿಗೆ ಸಿಗುವ ಕಣಗಳಲ್ಲ. ಇಲ್ಲಿ ಉಪಾಯ ಕೆಸುವಿನೆಲೆಯದು. ಆ ಎಲೆಯ ಮೇಲೆ ನೀರು ಹರಡಿಕೊಳ್ಳುವುದಿಲ್ಲ, ಮುತ್ತಾಗಿ ಉರುಳುತ್ತದೆ. ಫಿಲ್ಟರಿನ ಕಾಗದಕ್ಕೂ ನೀರು ಅಂಟದಂಥ ರಾಸಾಯನಿಕ ಲೇಪ ಕೊಟ್ಟಿರುತ್ತಾರೆ. ಇಂಧನ ಕಾಗದವನ್ನು ತೋಯಿಸಿ ದಾಟುತ್ತದೆ. ನೀರಿನ ಸಣ್ಣ ಹನಿಗಳು ಹೊರಗೇ ಉಳಿದು ಒಂದಕ್ಕೊಂದು ಕೂಡಿ ದೊಡ್ಡ ಹನಿಗಳಾಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತವೆ.

ಹನಿಗಳು ಕೂಡಿಕೊಳ್ಳುವುದು ಏಕೆ ಮುಖ್ಯ? ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ದ್ರವದೊಳಗೆ ಸಣ್ಣ ಗೋಲವೊಂದು ಇಳಿಯುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹನಿ ಹತ್ತು ಪಟ್ಟು ಚಿಕ್ಕದಾದರೆ ನೂರು ಪಟ್ಟು ನಿಧಾನ. 100 ಮೈಕ್ರಾನಿನ ನೀರ ಹನಿ ಪೆಟ್ರೋಲಿನಲ್ಲಿ 10 ಸೆಂಟಿಮೀಟರ್ ಇಳಿಯಲು ಅರ್ಧ ನಿಮಿಷದಷ್ಟು ಹೊತ್ತು ಸಾಕು. 10 ಮೈಕ್ರಾನಿನ ಹನಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಸೀಮೆಎಣ್ಣೆ ಪೆಟ್ರೋಲಿಗಿಂತ ಮಂದ, ನೀರಿಗೂ ಅದಕ್ಕೂ ಸಾಂದ್ರತೆಯ ಅಂತರವೂ ಕಡಿಮೆ. ಅದರಲ್ಲಿ ಅದೇ ಹನಿಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಕರ್ನಾಟಕದ ನಾಡದೋಣಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುವ ಎಂಜಿನ್ನುಗಳು. ಅಂಥ ದೋಣಿಯವರು ಸೀಮೆಎಣ್ಣೆಯ ಕ್ಯಾನನ್ನು ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನದನ್ನಷ್ಟೇ ಬಗ್ಗಿಸಿಕೊಂಡು, ತಳದ ಒಂದಿಷ್ಟನ್ನು ಬಿಟ್ಟುಬಿಡುವುದು ಕಾಸಿಲ್ಲದ ಫಿಲ್ಟರ್.

ಪೆಟ್ರೋಲಿನ ವಿಷಯದಲ್ಲಿ ಈಚೆಗೆ ಹೊಸ ತೊಡಕೊಂದು ಸೇರಿದೆ. ಭಾರತದಲ್ಲಿ ಪೆಟ್ರೋಲಿಗೆ 10% ಎಥನಾಲ್ ಬೆರೆಸುವ ಗುರಿಯನ್ನು 2022ರಲ್ಲಿ ಮುಟ್ಟಲಾಯಿತು; 20% ಬೆರಕೆಯ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿಗೆ ನೀರೆಂದರೆ ಬಲು ಪ್ರೀತಿ. 10% ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಕರಗಿಸಿಟ್ಟುಕೊಳ್ಳಬಲ್ಲದು. ಕರಗಿದ ನೀರನ್ನು ಯಾವ ಫಿಲ್ಟರೂ ಹಿಡಿಯಲಾರದು. ಸಕ್ಕರೆ ನೀರನ್ನು ಸೋಸಿದರೆ ಸಕ್ಕರೆ ಸಿಗುವುದಿಲ್ಲವಷ್ಟೆ. ಮಿತಿ ಮೀರಿದಾಗ ನೀರು ಎಥನಾಲನ್ನೂ ಜೊತೆಗೆ ಕರೆದುಕೊಂಡು ಹೊರಬಿದ್ದು ತಳದಲ್ಲಿ ಬೇರೆಯೇ ಪದರವಾಗುತ್ತದೆ. ಆಗ ಬಟ್ಟಲು ಖಾಲಿ ಮಾಡಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ಖಾಲಿ ಮಾಡಬೇಕು. ಎಥನಾಲ್ ಹಳೆಯ ಟ್ಯಾಂಕಿನ ಗೋಡೆಯ ಜಿಡ್ಡನ್ನು ಕರಗಿಸಿ ಎಬ್ಬಿಸುವುದರಿಂದ ಮೊದಮೊದಲು ಫಿಲ್ಟರ್ ಬೇಗ ಕಟ್ಟುವುದೂ ಉಂಟು. ಔಟ್‌ಬೋರ್ಡ್ ಎಂಜಿನ್ ತಯಾರಕರಲ್ಲಿ ಅನೇಕರು ತಮ್ಮ ಕೈಪಿಡಿಗಳಲ್ಲಿ 10% ಎಥನಾಲಿನ ಮಿತಿ ಹಾಕಿದ್ದಾರೆ. ದೋಣಿಯುಳ್ಳವರು ಆ ಪುಟವನ್ನು ತೆರೆದು ನೋಡುವುದು ಒಳ್ಳೆಯದು.

ಬದಲಾಯಿಸುವುದು ಯಾವಾಗ? 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಂದು ಕೈಪಿಡಿಗಳು ಹೇಳುವುದು ಸಾಮಾನ್ಯ. ವಾರಾಂತ್ಯದಲ್ಲಿ ವಿಹಾರಕ್ಕೆ ಹೋಗುವ ದೋಣಿಗೆ ನೂರು ಗಂಟೆಯೆಂದರೆ ವರ್ಷವೇ ಆದೀತು. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 25 ದಿನ ದುಡಿಯುವ ನಾಡದೋಣಿಗೆ ನೂರು ಗಂಟೆ ಒಂದೇ ತಿಂಗಳಲ್ಲಿ ಮುಗಿಯುತ್ತದೆ! ಪುಸ್ತಕದ "ವರ್ಷಕ್ಕೊಮ್ಮೆ"ಯನ್ನು ಹಿಡಿದುಕೊಂಡರೆ ಹನ್ನೆರಡು ಪಟ್ಟು ತಡವಾದಂತೆ.

ಕೆಲಸವೇನೂ ಕಷ್ಟದ್ದಲ್ಲ. ಎಂಜಿನ್ ನಿಲ್ಲಿಸಿ ತಣ್ಣಗಾಗಲು ಬಿಟ್ಟು, ಬ್ಯಾಟರಿಯಿದ್ದರೆ ತಂತಿ ಕಳಚಿ, ಇಂಧನದ ನಲ್ಲಿ ಮುಚ್ಚಬೇಕು. ಸುತ್ತ ಬೀಡಿ, ಬೆಂಕಿ ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಹಾರಿಹೋಗದೆ ದೋಣಿಯ ತಳದಲ್ಲಿ ಹೊಂಚುಹಾಕಿ ಕೂತಿರುತ್ತದೆ. ಹಳೆಯ ಫಿಲ್ಟರನ್ನು ನೇರವಾಗಿ ಹಿಡಿದು ಬಿಚ್ಚಿ, ಅದರಲ್ಲಿದ್ದುದನ್ನು ಒಂದು ಗಾಜಿನ ಬಾಟಲಿಗೆ ಸುರಿಯಬೇಕು. ಅವಸರದಲ್ಲಿ ಬಹುಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ತಳದ ನೀರು, ತುಕ್ಕು, ಮರಳು ಎಲ್ಲ ಪದರವಾಗಿ ಕಾಣುತ್ತವೆ. ವೈದ್ಯರಿಗೆ ರಕ್ತಪರೀಕ್ಷೆಯ ಚೀಟಿ ಇದ್ದ ಹಾಗೆ. ನೀರು ಹೆಚ್ಚಿದ್ದರೆ ತಪ್ಪು ಕ್ಯಾನಿನದೋ ಮುಚ್ಚಳದ್ದೋ. ಕಪ್ಪು ಪುಡಿ ಕಂಡರೆ ರಬ್ಬರಿನ ಕೊಳವೆ ಒಳಗಿನಿಂದ ಸವೆಯುತ್ತಿರಬಹುದು. ರೋಗ ಹಾಗೇ ಇರಗೊಟ್ಟು ಫಿಲ್ಟರನ್ನಷ್ಟೇ ಬದಲಿಸುತ್ತ ಹೋದರೆ ಲಾಭ ಅಂಗಡಿಗೆ.

ಹೊಸದರ ರಬ್ಬರ್ ಉಂಗುರಕ್ಕೆ ತುಸು ಎಣ್ಣೆ ಸವರಿ, ಉಂಗುರ ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಸ್ಪ್ಯಾನರ್ ಹಾಕಿ ಬಿಗಿದರೆ ಉಂಗುರ ಜಜ್ಜಿಹೋಗುತ್ತದೆ, ಮುಂದಿನ ಸಲ ಬಿಚ್ಚುವುದೂ ಕಷ್ಟ. ಕೊಳವೆಯ ನಡುವೆ ಸಿಕ್ಕಿಸುವ ಪುಟ್ಟ ಫಿಲ್ಟರಾದರೆ ಮೇಲಿರುವ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಲೆಯಂಥ ಜಾಳಿಗೆಯಿರುವ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು. ಕಾಗದದ್ದನ್ನು ಪೆಟ್ರೋಲಿನಲ್ಲಿ ಅದ್ದಿ, ಬಾಯಿಂದ ಊದಿ ಮತ್ತೆ ಹಾಕುವ ಅಭ್ಯಾಸ ಮಾತ್ರ ಕೆಟ್ಟದ್ದು. ಎಳೆಗಳು ಹರಿದು ಕಣ್ಣಿಗೆ ಕಾಣದ ಕಿಂಡಿಗಳಾಗುತ್ತವೆ.

ಕೊನೆಗೆ ಸೋರಿಕೆಯ ಪರೀಕ್ಷೆ. ಎಂಜಿನ್ ಓಡುವಾಗ ಈ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಆದ್ದರಿಂದ ಜೋಡಣೆ ಸಡಿಲವಿದ್ದರೆ ಇಂಧನ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೋಡಿದರೆ ಎಲ್ಲ ಒಣಗಿದೆ, ಎಂಜಿನ್ ಮಾತ್ರ ಕೆಮ್ಮುತ್ತದೆ. ಕೊಳವೆಯ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಚುಕಿದರೆ ಅಲ್ಲಿಂದ ಎಂಜಿನ್ ಕಡೆಗಿರುವ ಭಾಗದಲ್ಲಿ ಒತ್ತಡ ಏರಿ, ಸಡಿಲ ಜೋಡಣೆ ತಾನಾಗಿ ತೊಟ್ಟಿಕ್ಕಿ ಸಿಕ್ಕಿಬೀಳುತ್ತದೆ. ಇದೇ ಬಲ್ಬು ಕಡಲಿನಲ್ಲೂ ನಾಡಿ ಹೇಳುತ್ತದೆ. ಎಂಜಿನ್ ಸೊರಗಿದಾಗ ಬಲ್ಬು ಚಪ್ಪಟೆಯಾಗಿ ಹೀರಿಕೊಂಡಿದ್ದರೆ ತಡೆ ಟ್ಯಾಂಕಿನ ಕಡೆಗಿದೆ. ಗಟ್ಟಿಯಾಗಿಯೇ ಇದ್ದರೆ ಎಂಜಿನ್ನಿನ ಕಡೆಗೆ.

ಮನೆಯಲ್ಲಿ ಮಕ್ಕಳು ಪೆಟ್ರೋಲ್, ಸೀಮೆಎಣ್ಣೆಗಳನ್ನು ಮುಟ್ಟುವುದು ಬೇಡ. ಸ್ಟೋಕ್ಸ್ ಸೂತ್ರವನ್ನು ನೋಡಲು ಅಡುಗೆ ಎಣ್ಣೆಯೇ ಆದೀತು. ಉದ್ದನೆಯ ಪಾರದರ್ಶಕ ಬಾಟಲಿಯಲ್ಲಿ ಮುಕ್ಕಾಲು ಭಾಗ ಎಣ್ಣೆ, ಮೇಲೆ ಎರಡು ಚಮಚ ಬಣ್ಣದ ನೀರು ಹಾಕಿ, ಬಿರಡೆ ಬಿಗಿದು ಚೆನ್ನಾಗಿ ಕುಲುಕಿ ನಿಲ್ಲಿಸಬೇಕು. ದಪ್ಪ ಹನಿಗಳು ಎಷ್ಟು ಸೆಕೆಂಡಿನಲ್ಲಿ ತಳ ಸೇರಿದವು, ಎಣ್ಣೆ ಮತ್ತೆ ತಿಳಿಯಾಗಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ಆಮೇಲೆ ಅದೇ ಬಾಟಲಿಯನ್ನು ಮತ್ತೆ ಕುಲುಕಿ ಈ ಸಲ ಬಿಸಿಲಿನಲ್ಲಿಡಿ. ಹೊತ್ತು ಹೆಚ್ಚಾಯಿತೇ, ಕಡಿಮೆಯಾಯಿತೇ? ಏಕೆ?